ಬಿ.ಕಾಂ ಹುಡುಗರಿಗೆ ಫೌಂಡ್ರಿಯಲ್ಲಿ ಏನು ಕೆಲಸ? ಹೊಸ ಕೋರ್ಸ್ ಬಗ್ಗೆ ಸಲಹೆ ಬೇಕು

ಕಾಮರ್ಸ್ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ ಪಾಠ ಮಾಡುತ್ತೇನೆ, ಹನ್ನೊಂದು ವರ್ಷವಾಯಿತು. ಪ್ರಶ್ನೆ ಸ್ವಲ್ಪ ಉದ್ದ ಇದೆ. ಚಹಾ ಹಿಡಿದುಕೊಂಡೇ ಓದಿ.

ಸ್ಥಳೀಯ ಉದ್ಯಮಕ್ಕೆ ಹೊಂದುವ ಒಂದು ಕೋರ್ಸ್ ಸೂಚಿಸಿ ಅಂತ ನಮ್ಮ ವಿಭಾಗಕ್ಕೆ ಹೇಳಿದ್ದಾರೆ. ಸ್ಟಾಫ್ ರೂಮಿನಲ್ಲಿ ಎರಡು ಗಂಟೆ ಚರ್ಚೆ ಆಯಿತು. ಒಬ್ಬರು ಡೇಟಾ ಅನಲಿಟಿಕ್ಸ್ ಅಂದರು, ಇನ್ನೊಬ್ಬರು ಲಾಜಿಸ್ಟಿಕ್ಸ್, ಮೂರನೆಯವರು ನೇರವಾಗಿ ಎಐ. ಕಲಿಸುವವರು ಯಾರು ಅಂತ ಕೇಳಿದೆ. ಎಲ್ಲರೂ ನನ್ನ ಕಡೆ ತಿರುಗಿದರು. ಕಂಪ್ಯೂಟರ್ ಲ್ಯಾಬಿನ ಕೀಲಿ ನನ್ನ ಹತ್ತಿರ ಇರುತ್ತದೆ, ನನ್ನ ಅರ್ಹತೆ ಅಷ್ಟೇ!

ಸುಮ್ನೆ ಕೂತು ಊಹೆ ಮಾಡುವುದಕ್ಕಿಂತ ಒಮ್ಮೆ ನೋಡಿಕೊಂಡು ಬರೋಣ ಅಂತ ಹೋದ ತಿಂಗಳು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋದೆ. ಮೊದಲನೇ ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಗೇಟಿನಲ್ಲೇ ತಡೆದರು, ಕಾಲಲ್ಲಿ ಚಪ್ಪಲಿ ಇತ್ತು. ಎರಡನೆಯ ಕಡೆ ಮಾಲೀಕರು ಆಫೀಸಿನಲ್ಲೇ ಕೂರಿಸಿ ಮಾತಾಡಿದರು. "ನಿಮ್ಮ ಹುಡುಗರಿಗೆ ಕಾಸ್ಟಿಂಗ್ ಬರುತ್ತಾ ಸರ್?" ಅಂದರು. ನಾನು ನಕ್ಕು, ನಾವು ಕಾಮರ್ಸ್‌ನವರು, ಎರಕ ಹೊಯ್ಯುವುದೆಲ್ಲ ಐಟಿಐ ಹುಡುಗರ ಕೆಲಸ ಅಲ್ವಾ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಆ ಕಾಸ್ಟಿಂಗ್ ಅಲ್ಲ ಸರ್, ಲೆಕ್ಕದ ಕಾಸ್ಟಿಂಗ್. ಒಂದು ಪೀಸಿಗೆ ಎಷ್ಟು ಖರ್ಚಾಯಿತು ಅಂತ ಹೇಳುವವನು ಬೇಕು" ಅಂದರು. ಆರನೇ ಸೆಮಿಸ್ಟರ್ ಹುಡುಗರಿಗೆ ಪ್ರತಿವರ್ಷ ಕಾಸ್ಟ್ ಅಕೌಂಟಿಂಗ್ ಕಲಿಸುವವನು ನಾನು. ನಾಚಿಕೆ ಆಯಿತು.

ನಮ್ಮ ಮಕ್ಕಳ ಬಗ್ಗೆಯೂ ಹೇಳಿಬಿಡುತ್ತೇನೆ. ಅರ್ಧಕ್ಕಿಂತ ಜಾಸ್ತಿ ಕಬ್ಬು ಬೆಳೆಯುವ ಮನೆಯವರು, ಬಸ್ಸಿನಲ್ಲಿ ಬರುವವರು. ಡಿಗ್ರಿ ಮುಗಿದ ಮೇಲೆ ಕೆಲವರು ಧಾರವಾಡಕ್ಕೆ ಕೋಚಿಂಗಿಗೆ ಹೋಗುತ್ತಾರೆ, ಕೆಲವರು ಪುಣೆಗೋ ಕೊಲ್ಹಾಪುರಕ್ಕೋ. ಉಳಿದವರು ಯುವನಿಧಿಯ 3,000 ರೂಪಾಯಿ ಎಣಿಸುತ್ತಾ ಪಿಡಿಒ ಪರೀಕ್ಷೆ ಯಾವಾಗ ಅಂತ ಕಾಯುತ್ತಾರೆ. ಇತ್ತ ಫೌಂಡ್ರಿಗಳವರು ಜನ ಸಿಗಲ್ಲ ಅನ್ನುತ್ತಾರೆ. ಬಸ್ಸಿನಲ್ಲಿ ಒಂದೂವರೆ ಗಂಟೆ ದೂರ, ಆದರೂ ಇವರು ಅವರನ್ನು ನೋಡಿಲ್ಲ, ಅವರು ಇವರನ್ನು ನೋಡಿಲ್ಲ.

ಇನ್ನು ಸಿಲಬಸ್. 2021ರಲ್ಲಿ ಎನ್‌ಇಪಿ ಬಂತು, ನಾಲ್ಕು ವರ್ಷದ ಡಿಗ್ರಿ ಅಂದರು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ನಮ್ಮದು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜು, ಪೇಪರಿನ ಒಂದು ಸಾಲನ್ನೂ ನಾವೇ ಬದಲಿಸುವ ಹಾಗಿಲ್ಲ.

ಈಗ ಮೂರು ದಾರಿ ಕಾಣುತ್ತಿವೆ. ಬಿ.ವೋಕ್, ಅಂದರೆ ಕೌಶಲ ಕಲಿಸುವ ವೃತ್ತಿಪರ ಡಿಗ್ರಿ, ಕೇಳಬಹುದು. ಅಪ್ರೆಂಟಿಸ್‌ಶಿಪ್ ಸೇರಿಸಿದ ಡಿಗ್ರಿ ಕೇಳಬಹುದು, ಅದು ಈಗ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ನಡೆಯುತ್ತಿದೆ. ಅಥವಾ ಇರುವ ಬಿ.ಕಾಂ ಜೊತೆಗೆ ಒಂದು ಸಣ್ಣ ಸರ್ಟಿಫಿಕೇಟ್. ಕಾರ್ಖಾನೆಯಲ್ಲಿ ಇರುವವರು, ಇಂಥ ಕೋರ್ಸ್ ಓದಿದವರು ಯಾರಾದರೂ ಇದ್ದರೆ ನಿಜ ಹೇಳಿ. ನಮ್ಮ ಹುಡುಗರು ನಿಮಗೆ ಬೇಕಾ, ಬೇಕಾದರೆ ಯಾವ ಕೆಲಸಕ್ಕೆ?


ಮರಳು ಮೂಸೆ:

ಸರ್, ಆ ಮಾಲೀಕರು ನಾನಲ್ಲ, ಆದರೆ ನಾನೂ ಅದನ್ನೇ ಕೇಳುತ್ತಿದ್ದೆ. ಇಲ್ಲಿನ ಒಂದು ಗ್ರೇ ಐರನ್ ಫೌಂಡ್ರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ, ಹದಿನಾರು ವರ್ಷದಿಂದ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯೋಣ. ನಾವು ಜನ ಸಿಗಲ್ಲ ಅನ್ನುವಾಗ ನಿಮ್ಮ ಕಣ್ಣಿಗೆ ಬರುವುದು ಮೋಲ್ಡಿಂಗ್ ಮಾಡುವವನು, ಕರಗಿದ ಕಬ್ಬಿಣ ಹೊಯ್ಯುವವನು. ಅದಕ್ಕೂ ಜನ ಬೇಕು, ನಿಜ. ಆದರೆ ಡಿಗ್ರಿ ಓದಿದ ಹುಡುಗನನ್ನು ಅದಕ್ಕೆ ಕರೆದರೆ ಅವನೂ ಬರಲ್ಲ, ಬಂದರೂ ನಿಲ್ಲಲ್ಲ. ನಮಗೆ ಕೈ ಕಟ್ಟಿ ಹಾಕಿದಂತೆ ಆಗಿರುವುದು ನಡುವಿನ ಕೆಲಸಗಳಲ್ಲಿ. ಅಚ್ಚಿನ ಮರಳು ಪರೀಕ್ಷಿಸುವ ಸ್ಯಾಂಡ್ ಲ್ಯಾಬ್, ಇನ್ಸ್‌ಪೆಕ್ಷನ್, ಡಿಸ್‌ಪ್ಯಾಚ್ ಕಾಗದ, ಗ್ರಾಹಕರಿಗೆ ಕೊಡುವ ರಿಪೋರ್ಟ್, ಮತ್ತೆ ನೀವು ಹೇಳಿದ ಲೆಕ್ಕದ ಕಾಸ್ಟಿಂಗ್.

ಒಂದು ಉದಾಹರಣೆ ಕೊಡುತ್ತೇನೆ. 100 ಕೆಜಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದೆವು ಅಂತಿಟ್ಟುಕೊಳ್ಳಿ. ಮಾರುವ ಪೀಸಾಗಿ ಬರುವುದು ಸುಮಾರು 60 ಕೆಜಿ. ಉಳಿದದ್ದು ರನ್ನರ್, ರೈಸರ್ ಅಂತ, ಅಂದರೆ ಅಚ್ಚಿಗೆ ಲೋಹ ಹರಿಯುವ, ತುಂಬುವ ದಾರಿಗಳಲ್ಲಿ ಗಟ್ಟಿಯಾಗಿ, ಪೀಸಿಗೆ ಅಂಟಿಕೊಂಡಿರುತ್ತದೆ, ಒಡೆದು ಮತ್ತೆ ಫರ್ನೇಸಿಗೆ ಹಾಕುತ್ತೇವೆ. ಹೊಸ ಹುಡುಗ ಏನು ಅಂದುಕೊಳ್ಳುತ್ತಾನೆ? ಲೋಹ ವಾಪಸ್ ಬಂತಲ್ಲ, ನಷ್ಟ ಇಲ್ಲ ಅಂತ. ಆದರೆ ಅದನ್ನು ಕರಗಿಸಿದ ಕರೆಂಟ್ ವಾಪಸ್ ಬರಲ್ಲ. ಇಂಡಕ್ಷನ್ ಫರ್ನೇಸಿನಲ್ಲಿ ಒಂದು ಟನ್ ಕರಗಿಸಲು 600 ಯೂನಿಟ್ ಆಸುಪಾಸು ಬೇಕು. ಆಮೇಲೆ ರಿಜೆಕ್ಷನ್. ನಮ್ಮ ಅಂಗಳದಲ್ಲೇ ತೂತು ಕಂಡರೆ ಒಂದು ಖರ್ಚು. ಗ್ರಾಹಕರ ಹತ್ತಿರ ಹೋಗಿ, ಮಷಿನಿಂಗ್ ಆದ ಮೇಲೆ ಕಂಡರೆ ಆ ಮಷಿನಿಂಗ್ ಖರ್ಚೂ ನಮ್ಮ ತಲೆಗೆ. ಇದನ್ನು ಪೀಸಿಗೆ ಇಷ್ಟು ಅಂತ ಹಂಚಿ ತೋರಿಸುವವರು ಎಷ್ಟು ಫೌಂಡ್ರಿಯಲ್ಲಿ ಇದ್ದಾರೆ? ಬೆರಳೆಣಿಕೆ. ಬಹಳ ಕಡೆ ಇವತ್ತಿಗೂ ಕೆಜಿಗೆ ಇಷ್ಟು ಅಂತ ಒಂದೇ ರೇಟು ಹಾಕಿ, ವರ್ಷದ ಕೊನೆಗೆ ಯಾಕೆ ದುಡ್ಡು ಉಳಿಯಲಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.

ನಿಮ್ಮ ಪುಸ್ತಕದಲ್ಲಿ ಪ್ರೊಸೆಸ್ ಕಾಸ್ಟಿಂಗ್ ಅಂತ ಒಂದು ಪಾಠ ಇದೆ ಅಲ್ವಾ? ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್? ನನ್ನ ತಂಗಿ ಬಿ.ಕಾಂ ಓದುವಾಗ ಬಾಯಿಪಾಠ ಮಾಡುತ್ತಿದ್ದಳು. ಅದು ಫೌಂಡ್ರಿಯ ಕಥೆಯೇ ಸರ್. ರನ್ನರ್ ರೈಸರ್ ಇರಲೇಬೇಕು, ಅದನ್ನು ಲೆಕ್ಕ ಹಾಕಿಯೇ ರೇಟು ಕಟ್ಟುತ್ತೇವೆ. ಮರಳಿನಲ್ಲಿ ತೇವ ಜಾಸ್ತಿಯಾಗಿ ಬ್ಲೋಹೋಲ್, ಅಂದರೆ ಗಾಳಿಯ ತೂತು, ಬಂದರೆ ಅದು ಅಬ್‌ನಾರ್ಮಲ್. ಪುಸ್ತಕದಲ್ಲಿ "ಎ ಪ್ರೊಸೆಸ್, ಬಿ ಪ್ರೊಸೆಸ್" ಅಂತ ಹೆಸರಿಲ್ಲದೆ ಬರೆದಿರುತ್ತಾರೆ. ಇಲ್ಲಿ ಬಂದರೆ ಎರಡಕ್ಕೂ ಹೆಸರಿದೆ, ವಾಸನೆಯೂ ಇದೆ.

ಬಿ.ಎಸ್ಸಿ ಕೆಮಿಸ್ಟ್ರಿ ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ಸ್ಪೆಕ್ಟ್ರೋಮೀಟರ್‌ನಲ್ಲಿ ಕಾರ್ಬನ್, ಸಿಲಿಕಾನ್, ಗಂಧಕ ನೋಡಬೇಕು, ಮರಳಿನ ತೇವ ಅಳೆಯಬೇಕು. ನಮ್ಮ ಹಳೆ ಮೇಸ್ತ್ರಿ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳಿನ ಗುರುತು ನೋಡಿ ಹೇಳಿಬಿಡುತ್ತಿದ್ದರು. ವೆಡ್ಜ್ ಅನ್ನುವ ಬೆಣೆಯಾಕಾರದ ಸಣ್ಣ ತುಂಡು ಹೊಯ್ದು, ಮುರಿದು, ತುದಿಯಲ್ಲಿ ಬಿಳಿ ಎಷ್ಟು ಬಂತು ಅಂತ ನೋಡಿ ಲೋಹ ಹೇಗಿದೆ ಅನ್ನುತ್ತಿದ್ದರು. ಅವರು ರಿಟೈರ್ ಆದರು. ಈಗ ಮೀಟರ್ ಇದೆ, ಓದುವವನು ಬೇಕು.

ಎಐ ಕೋರ್ಸ್ ಬೇಡ ಅಂತ ಹೇಳುತ್ತಿಲ್ಲ. ಮೊದಲು ಎಕ್ಸೆಲ್‌ನಲ್ಲಿ ಒಂದು ರಿಜೆಕ್ಷನ್ ಶೀಟ್ ಸರಿಯಾಗಿ ಮಾಡಲು ಬರಲಿ.


ಸವದತ್ತಿ ಕಡೆಯವಳು:

ನಾನು ಬಿ.ವೋಕ್ ಓದಿದವಳು, ಹಾಗಾಗಿ ಆ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಕಾಗದದ ಮೇಲೆ ಕೋರ್ಸ್ ಚೆನ್ನಾಗಿದೆ. ಮೊದಲ ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡನೇ ವರ್ಷಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ, ಮೂರು ಮುಗಿಸಿದರೆ ಡಿಗ್ರಿ. ಮಧ್ಯದಲ್ಲಿ ಮದುವೆಯೋ ತೊಂದರೆಯೋ ಬಂದರೆ ಕೈಯಲ್ಲಿ ಏನೋ ಒಂದು ಇರುತ್ತದೆ. ಯಾವುದೇ ಡಿಗ್ರಿ ಸಾಕು ಅನ್ನುವ ಹುದ್ದೆಗೆ ಇದೂ ನಡೆಯುತ್ತದೆ ಅಂತ ಯುಜಿಸಿಯೇ ಹೇಳಿದೆ. ಆದರೆ ನಾನು ಇಂಟರ್‌ವ್ಯೂಗೆ ಹೋದ ಮೂರು ಕಡೆಯೂ ಮೊದಲ ಪ್ರಶ್ನೆ "ಬಿ.ವೋಕ್ ಅಂದ್ರೆ ಏನು?" ಒಂದು ಕಡೆ ಹುಡುಗಿ ತಪ್ಪಾಗಿ ಟೈಪ್ ಮಾಡಿದ್ದಾಳೆ ಅಂದುಕೊಂಡು ಫಾರ್ಮಿನಲ್ಲಿ ಬಿ.ಕಾಂ ಅಂತ ತಿದ್ದಿದ್ದರು. ಬೀಗರ ಮನೆಯಲ್ಲಂತೂ ಬಿಡಿ.

ನಮ್ಮ ಕಾಲೇಜಿನಲ್ಲಿ ಇಂಡಸ್ಟ್ರಿ ಪಾರ್ಟ್‌ನರ್ ಅಂತ ಒಂದು ಕಂಪನಿಯ ಹೆಸರು ಬೋರ್ಡಿನಲ್ಲಿತ್ತು. ಮೂರು ವರ್ಷದಲ್ಲಿ ಅವರು ಬಂದದ್ದು ಎರಡು ಸಲ, ಉದ್ಘಾಟನೆಗೆ ಒಮ್ಮೆ, ಫೋಟೋಗೆ ಒಮ್ಮೆ. ಪ್ರಾಕ್ಟಿಕಲ್ ಅಂತ ಯೂಟ್ಯೂಬ್ ತೋರಿಸುತ್ತಿದ್ದರು. ಹಾಗಾಗಿ ಸರ್, ಹೆಸರು ಯಾವುದು ಬೇಕಾದರೂ ಇಡಿ. ವಾರಕ್ಕೆ ಎಷ್ಟು ದಿನ ಮಕ್ಕಳು ನಿಜವಾಗಿ ಕಾರ್ಖಾನೆಯ ಒಳಗೆ ಇರುತ್ತಾರೆ, ಅವರಿಗೆ ಅಲ್ಲಿ ಕಲಿಸುವ ಮನುಷ್ಯ ಯಾರು, ಇವೆರಡಕ್ಕೆ ಉತ್ತರ ಇಲ್ಲದಿದ್ದರೆ ಶುರು ಮಾಡಬೇಡಿ.

ಇನ್ನೊಂದು. ಹುಡುಗಿಯರು ಇದ್ದರೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಮೊದಲು ನೋಡಿ. ನನ್ನ ಜೊತೆ ಓದಿದ ನಾಲ್ವರು ಇಂಟರ್ನ್‌ಶಿಪ್ ಬಿಟ್ಟದ್ದು ಕಷ್ಟ ಅಂತಲ್ಲ, ಆರೂವರೆ ಬಸ್ಸು ತಪ್ಪುತ್ತಿತ್ತು ಅಂತ.


ಪಗಾರ ಎಷ್ಟ್ರೀ:

ಎಲ್ಲಾರೂ ಭಾಳ ಚಂದ ಹೇಳೀರಿ. ಪಗಾರದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಐಟಿಐ ಫಿಟ್ಟರ್, ಎಂಟು ವರ್ಷ ಇಲ್ಲೇ ದುಡಿದು ಈಗ ಪುಣೆಯ ಚಾಕಣದಲ್ಲಿ ಇದ್ದೇನೆ. ಊರು ಬಿಟ್ಟದ್ದು ಕೌಶಲ ಇಲ್ಲ ಅಂತಲ್ಲ. ಅದೇ ಕೆಲಸಕ್ಕೆ ಅಲ್ಲಿ ಜಾಸ್ತಿ ಕೊಡುತ್ತಾರೆ, ಪಿಎಫ್ ಸರಿಯಾಗಿ ಕಟ್ಟುತ್ತಾರೆ. ಕಾಲೇಜಿನವರು ಹುಡುಗರನ್ನು ತಯಾರು ಮಾಡಿ ಕೊಟ್ಟರೂ ಅವರು ಹೆದ್ದಾರಿ ಹಿಡಿದು ಪುಣೆಗೇ ಬರುತ್ತಾರೆ. ಮಂದಿ ಸಿಗವಲ್ಲರು ಅನ್ನುವ ಮಾಲೀಕರಿಗೆ "ಎಷ್ಟು ಕೊಡತೀರಿ?" ಅಂತ ಒಂದು ಸಲ ಕೇಳಿ ನೋಡಿರಿ ಸರ್.


ಮರಳು ಮೂಸೆ:

ಅಣ್ಣ ಹೇಳಿದ್ದು ಚುಚ್ಚಿತು, ಆದರೆ ಸುಳ್ಳಲ್ಲ. ಸಣ್ಣ ಫೌಂಡ್ರಿಗಳಿಗೆ ದೊಡ್ಡ ಗ್ರಾಹಕರು ಕೆಜಿಗೆ ಕೊಡುವ ರೇಟು ಅಷ್ಟಕ್ಕಷ್ಟೇ, ಅದರಲ್ಲಿ ಪಗಾರ ಏರಿಸಲು ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ಲೆಕ್ಕ ಬರದ ಕಡೆ ಮೊದಲು ಕತ್ತರಿ ಬೀಳುವುದು ಪಗಾರಕ್ಕೇ, ಯಾಕಂದರೆ ಕಣ್ಣಿಗೆ ಕಾಣುವ ಖರ್ಚು ಅದೊಂದೇ. ರಿಜೆಕ್ಷನ್ ಕಾಣಲ್ಲ. ನಾನು ಅದಕ್ಕೇ ಕಾಸ್ಟಿಂಗ್ ಕಾಸ್ಟಿಂಗ್ ಅಂತ ಬಡಿದುಕೊಳ್ಳುವುದು.


ಟೂಲ್‌ರೂಂ ಹುಡುಗ:

ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಟೂಲ್‌ರೂಂ ಮತ್ತು ತರಬೇತಿ ಕೇಂದ್ರದಲ್ಲಿ, ಓದಿದವನು. ಮೇಷ್ಟ್ರೇ, ಹೊಸದಾಗಿ ಏನೂ ಕಂಡುಹಿಡಿಯಬೇಡಿ, ನಮ್ಮ ರಾಜ್ಯದಲ್ಲೇ ಒಂದು ಹಳೆ ಮಾದರಿ ಇದೆ. 1972ರಲ್ಲಿ ಡೆನ್ಮಾರ್ಕ್‌ನವರ ಸಹಾಯದಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಬೆಳಗಾವಿ, ಹುಬ್ಬಳ್ಳಿ, ದಾಂಡೇಲಿ, ಹರಿಹರ, ಎಲ್ಲ ಕಡೆ ಇದೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಮೂರು ವರ್ಷ ಅಲ್ಲೇ ಓದು, ನಾಲ್ಕನೇ ವರ್ಷ ಪೂರ್ತಿ ಕಂಪನಿಯಲ್ಲಿ.

ಗುಟ್ಟು ಎಲ್ಲಿದೆ ಅಂದರೆ, ಅಲ್ಲಿನ ಟೂಲ್‌ರೂಂ ಹೊರಗಿನ ಆರ್ಡರ್ ತಗೊಳ್ಳುತ್ತದೆ. ನಿಜವಾದ ಗ್ರಾಹಕ, ನಿಜವಾದ ಡೆಲಿವರಿ ತಾರೀಖು. ಎರಡನೇ ವರ್ಷದಲ್ಲಿ ನಾನು ಗ್ರೈಂಡಿಂಗ್‌ನಲ್ಲಿ ಒಂದು ಪ್ಲೇಟನ್ನು ಕೂದಲೆಳೆಯಷ್ಟು ಜಾಸ್ತಿ ತಿಂದುಬಿಟ್ಟೆ. ಮಾರ್ಕ್ಸ್ ಹೋಗಲಿಲ್ಲ. ಪ್ಲೇಟ್ ಹೋಯಿತು, ಹೊಸದನ್ನು ರಾತ್ರಿ ಕೂತು ಮಾಡಬೇಕಾಯಿತು. ಆಮೇಲೆ ಮೈಕ್ರೋಮೀಟರ್ ಎರಡು ಸಲ ನೋಡದೆ ಕೈ ಹಾಕಿಲ್ಲ.

ಬಿ.ಕಾಂಗೂ ಇದು ಆಗುತ್ತದೆ ಅಂತ ನನಗನ್ನಿಸುತ್ತದೆ. ಹತ್ತು ಸಣ್ಣ ಯೂನಿಟ್‌ಗಳ ನಿಜವಾದ ಲೆಕ್ಕ ತಗೊಂಡು ಹುಡುಗರ ಕೈಲಿ ಮಾಡಿಸಿ. ತಪ್ಪಾದರೆ ಫೋನ್ ಬರಲಿ.

ಮತ್ತೊಂದು ಮಾತು. 2022ರಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ದೊಡ್ಡ ಖರ್ಚಿನಲ್ಲಿ ಮೇಲ್ದರ್ಜೆಗೆ ಏರಿಸಿದರು, ರೋಬೋಟ್, ಸಿಎನ್‌ಸಿ ಎಲ್ಲ ಬಂದಿವೆ. ನಿಮ್ಮ ಹತ್ತಿರದ ಐಟಿಐಯಲ್ಲೂ ಇರಬಹುದು. ಹೋಗಿ ಕೇಳಿ, ಸಂಜೆ ಹೊತ್ತು ಆ ಲ್ಯಾಬ್ ಖಾಲಿ ಇದ್ದರೆ ನಿಮ್ಮ ಮಕ್ಕಳೂ ನೋಡಿಕೊಂಡು ಬರಲಿ. ಇಲಾಖೆ ಬೇರೆ, ನಿಜ. ಪ್ರಿನ್ಸಿಪಾಲರ ಒಂದು ಪತ್ರ ಸಾಕಾಗಬಹುದು.


ಕೊಲಂಬಸ್‌ನಿಂದ:

ಗೋಕಾಕಿನವನು, ಈಗ ಅಮೆರಿಕದ ಒಹಾಯೋದಲ್ಲಿ ಇದ್ದೇನೆ. ಹಗಲು ಐಟಿ ಕೆಲಸ, ವಾರಕ್ಕೆ ಎರಡು ಸಂಜೆ ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪಾಠ. ಇದು ಎರಡು ವರ್ಷದ ಕಾಲೇಜು, ಅಸೋಸಿಯೇಟ್ ಡಿಗ್ರಿ ಕೊಡುತ್ತಾರೆ. ನನ್ನ ಕ್ಲಾಸಿನಲ್ಲಿ ಹತ್ತೊಂಬತ್ತರ ಹುಡುಗನೂ ಇದ್ದಾನೆ, ಗೋದಾಮಿನ ಶಿಫ್ಟ್ ಮುಗಿಸಿ ಬರುವ ನಲವತ್ತೆಂಟರ ಅಜ್ಜಿಯೂ ಇದ್ದಾಳೆ. ಅಜ್ಜಿ ಅಂದರೆ ನಿಜವಾಗಿ ಅಜ್ಜಿ, ಮೊಮ್ಮಗನ ಫೋಟೋ ತೋರಿಸುತ್ತಾಳೆ.

ಇಲ್ಲಿ ಒಂದು ಪದ್ಧತಿ ನನಗೆ ಹಿಡಿಸಿತು. ಕೆಲಸಕ್ಕೆ ಸಂಬಂಧಪಟ್ಟ ಪ್ರತಿ ಕೋರ್ಸಿಗೂ ಒಂದು ಸಲಹಾ ಸಮಿತಿ. ಸುತ್ತಲಿನ ಕಂಪನಿಗಳವರು ಆಗಾಗ ಬಂದು ಕೂರುತ್ತಾರೆ. ಮಾಲೀಕರಲ್ಲ, ಕೆಲಸ ಮಾಡಿಸುವ ಸೂಪರ್‌ವೈಸರ್‌ಗಳು. ಈ ಪೇಪರ್ ಯಾಕೆ, ಆ ಮಷಿನ್ ಈಗ ಯಾರೂ ಬಳಸಲ್ಲ, ಹುಡುಗರಿಗೆ ಇಮೇಲ್ ಬರೆಯಲು ಬರಲ್ಲ, ಎಲ್ಲ ಮುಖದ ಮೇಲೆ ಹೇಳುತ್ತಾರೆ. ಕೆಲವು ಕೋರ್ಸುಗಳಲ್ಲಿ ವಾರದ ಕೆಲವು ದಿನ ಕಾರ್ಖಾನೆಯಲ್ಲಿ ಸಂಬಳಕ್ಕೆ ಕೆಲಸ, ಉಳಿದ ದಿನ ಕ್ಲಾಸು.

ಆದರೆ ಇಲ್ಲಿಂದಲೇ ಒಂದು ಎಚ್ಚರಿಕೆಯ ಕಥೆಯೂ ಇದೆ. 2022ರ ಜನವರಿಯಲ್ಲಿ ಇಂಟೆಲ್ ಕಂಪನಿ ಕೊಲಂಬಸ್ ಪಕ್ಕದ ನ್ಯೂ ಆಲ್ಬನಿಯಲ್ಲಿ 2,000 ಕೋಟಿ ಡಾಲರ್‌ನ ಚಿಪ್ ಕಾರ್ಖಾನೆ ಕಟ್ಟುತ್ತೇವೆ, 3,000 ಕೆಲಸ ಅಂತ ಘೋಷಿಸಿತು. 2025ಕ್ಕೆ ಶುರು ಅಂದರು. ಕಾಲೇಜುಗಳಿಗೆ ದುಡ್ಡೂ ಕೊಟ್ಟರು. ಸುತ್ತಲಿನ ಕಮ್ಯುನಿಟಿ ಕಾಲೇಜುಗಳು ಒಂದು ವರ್ಷದ ಸೆಮಿಕಂಡಕ್ಟರ್ ಟೆಕ್ನಿಷಿಯನ್ ಸರ್ಟಿಫಿಕೇಟ್ ತೆರೆದವು. ಮನೆಮನೆಯಲ್ಲೂ ಅದೇ ಮಾತು, ಥೇಟ್ ನಮ್ಮೂರಿಗೆ ಸಕ್ಕರೆ ಕಾರ್ಖಾನೆ ಬರುತ್ತದೆ ಅಂದಾಗಿನ ಹಾಗೆ. 2025ರ ಫೆಬ್ರುವರಿಯಲ್ಲಿ ಕಂಪನಿ ತಾರೀಖು ಮುಂದಕ್ಕೆ ಹಾಕಿತು, ಈಗ 2030 ದಾಟುತ್ತದೆ ಅನ್ನುತ್ತಾರೆ.

ಸರ್ಟಿಫಿಕೇಟ್ ಮಾಡಿಕೊಂಡವರು ಏನಾಗಬೇಕು? ಕಲಿತದ್ದರಲ್ಲಿ ಎಲೆಕ್ಟ್ರಿಕಲ್, ಮೋಟರ್, ನ್ಯೂಮ್ಯಾಟಿಕ್ಸ್ ಇಂಥ ಗಟ್ಟಿ ವಿಷಯ ಜಾಸ್ತಿ ಇದ್ದರೆ ಬೇರೆ ಬಾಗಿಲೂ ತಟ್ಟಬಹುದು. ಹತ್ತಿರದ ಮೇರಿಸ್‌ವಿಲ್‌ನಲ್ಲಿ ಹೋಂಡಾ 1982ರಿಂದ ಕಾರು ಮಾಡುತ್ತಿದೆ, ಅಲ್ಲಿಗೂ ಇದೇ ವಿದ್ಯೆ ಬೇಕು. ಬರೀ ಚಿಪ್ಪಿನ ಹೆಸರು ನಂಬಿಕೊಂಡಿದ್ದರೆ ಆ ಕಾಗದ ತೆಗೆದುಕೊಂಡು ಏನು ಮಾಡಬೇಕು?

ಹಾಗಾಗಿ ನಮ್ಮ ಜಿಲ್ಲೆಯ ಹತ್ತರಗಿಯ ವಿಮಾನ ಭಾಗಗಳ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ನೋಡಿ ಯಾರಾದರೂ "ಏರೋಸ್ಪೇಸ್ ಬಿ.ಕಾಂ" ಅಂತ ಶುರು ಮಾಡಲು ಬಂದರೆ ಮೆಲ್ಲಗೆ ತಪ್ಪಿಸಿಕೊಳ್ಳಿ. ನನ್ನ ಮಟ್ಟಿಗೆ, ಕಾಸ್ಟಿಂಗ್ ಗೊತ್ತಿದ್ದವನು ಫೌಂಡ್ರಿಗೂ ಆಗುತ್ತಾನೆ, ಹೈಡ್ರಾಲಿಕ್ಸ್‌ನವರಿಗೂ ಆಗುತ್ತಾನೆ, ಬೇಕರಿಗೂ ಆಗುತ್ತಾನೆ.


ಬೆಲ್ಲದ ಹುಳ:

ಎಲ್ಲರೂ ಕಬ್ಬಿಣದ ಹಿಂದೆ ಬಿದ್ದಿದ್ದೀರಿ. ಮೇಷ್ಟ್ರು ಮೊದಲೇ ಹೇಳಿದ್ದಾರೆ, ಮಕ್ಕಳು ಕಬ್ಬಿನ ಮನೆಯವರು ಅಂತ. ಸಕ್ಕರೆ ಕಾರ್ಖಾನೆ ಉದ್ಯಮಬಾಗಕ್ಕಿಂತ ಹತ್ತಿರ ಇಲ್ವಾ?

ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ನಮ್ಮಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಉಸಿರಾಡಲು ಪುರುಸೊತ್ತಿಲ್ಲ, ಆಮೇಲೆ ಸೀಸನ್ ಮುಗಿಯಿತು. ಇದೇ ತೊಡಕು, ವರ್ಷಪೂರ್ತಿ ಕೆಲಸ ಎಲ್ಲರಿಗೂ ಇರುವುದಿಲ್ಲ. ಎಥೆನಾಲ್ ಘಟಕ ಇರುವ ಕಡೆ ಸ್ವಲ್ಪ ಪರವಾಗಿಲ್ಲ. ಆದರೆ ಸೀಸನ್ ಹೊತ್ತಿಗೆ ಕೇನ್ ಅಕೌಂಟ್ಸ್‌ನಲ್ಲಿ ಜನ ಬೇಕೇ ಬೇಕು. ತೂಕದ ಚೀಟಿ, ಕಟಾವು ಮತ್ತು ಸಾಗಾಣಿಕೆ ಕಡಿತ, 14 ದಿನದಲ್ಲಿ ಬಿಲ್ಲು ಕೊಡಬೇಕು ಅನ್ನುವ ನಿಯಮ, ಕಬ್ಬಿನಿಂದ ಸಿಗುವ ಸಕ್ಕರೆ, ಅಂದರೆ ರಿಕವರಿ, ಶೇ 10.25 ದಾಟಿದ ಮೇಲೆ ಎಫ್‌ಆರ್‌ಪಿ (ಸರ್ಕಾರ ನಿಗದಿ ಮಾಡುವ ಕಬ್ಬಿನ ದರ) ಹೇಗೆ ಏರುತ್ತದೆ. ಹುಡುಗ ಇದನ್ನು ಕಲಿತರೆ ಕಾರ್ಖಾನೆಗೂ ಬಂತು, ಅಪ್ಪನ ಬಿಲ್ಲು ಸರಿ ಇದೆಯೋ ಇಲ್ಲವೋ ನೋಡಲಿಕ್ಕೂ ಬಂತು. ಎರಡನೆಯದೇ ಜಾಸ್ತಿ ಉಪಯೋಗ ಅನ್ನಿ, ನನ್ನ ಕಾರ್ಖಾನೆಯವರು ಇದನ್ನು ಓದದಿರಲಿ.

ಬೆಳಗಾವಿಯಲ್ಲೇ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಅಲ್ಲಿಯೂ ಒಮ್ಮೆ ಮಾತಾಡಿ.


ಕಾಮರ್ಸ್ ಮೇಷ್ಟ್ರು:

ಇಷ್ಟೊಂದು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ನಿನ್ನೆ ರಾತ್ರಿ ಕೂತು ನಮ್ಮ ಸಿಲಬಸ್ ತೆಗೆದು ಮತ್ತೆ ಓದಿದೆ. ಪ್ರೊಸೆಸ್ ಕಾಸ್ಟಿಂಗ್ ನಿಜವಾಗಿಯೂ ಅಲ್ಲೇ ಇದೆ, ಹನ್ನೊಂದು ವರ್ಷದಿಂದ ಅದೇ 1,000 ಯೂನಿಟ್ ಲೆಕ್ಕ ಮಾಡಿಸುತ್ತಿದ್ದೇನೆ. ಯಾವ ಯೂನಿಟ್ ಅಂತ ಒಬ್ಬ ಹುಡುಗನೂ ಕೇಳಿಲ್ಲ, ನಾನೂ ಹೇಳಿಲ್ಲ. ಪೇಪರ್ ಬದಲಿಸಲು ನನಗೆ ಅಧಿಕಾರ ಇಲ್ಲ, ಆದರೆ ಉದಾಹರಣೆ ಯಾವುದು ಕೊಡಬೇಕು ಅಂತ ಯಾವ ವಿಶ್ವವಿದ್ಯಾಲಯವೂ ತಡೆಯಲಾರದು ಅಲ್ವಾ? ಹಾಗಾಗಿ ಈ ವರ್ಷಕ್ಕೆ ಹೊಸ ಡಿಗ್ರಿ ಕೇಳುವುದಿಲ್ಲ. ಕಾಸ್ಟಿಂಗ್ ಮೇಲೆ ಮೂರು ತಿಂಗಳ ಸರ್ಟಿಫಿಕೇಟ್, ಅರ್ಧ ಫೌಂಡ್ರಿ, ಅರ್ಧ ಕಬ್ಬಿನ ಬಿಲ್ಲು. ಸ್ಟಾಫ್ ರೂಮಿನಲ್ಲಿ ನಗುತ್ತಾರೆ, ನಗಲಿ.

ಅಪ್ರೆಂಟಿಸ್ ನಿಯಮವನ್ನೂ ನೋಡಿದೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು. 2019ರ ನಿಯಮದಲ್ಲಿ ಡಿಗ್ರಿಯವರಿಗೆ ತಿಂಗಳಿಗೆ ಕನಿಷ್ಠ 9,000 ಅಂತ ಇಟ್ಟಿದ್ದರು. ಪಗಾರದ ಅಣ್ಣನ ಪ್ರಶ್ನೆಯನ್ನು ನಾನು ಹೋದಲ್ಲೆಲ್ಲ ಮೊದಲೇ ಕೇಳುತ್ತೇನೆ. ಅಪ್ರೆಂಟಿಸ್ ಮುಗಿದ ಮೇಲೆ ಎಷ್ಟು ಕೊಡುತ್ತೀರಿ ಅಂತ. ಹೇಳದವರ ಹತ್ತಿರ ಮಕ್ಕಳನ್ನು ಕಳಿಸುವುದಿಲ್ಲ. ಬಸ್ಸಿನ ವಿಷಯ ಡಿಪೋ ಮ್ಯಾನೇಜರ್ ಹತ್ತಿರ ಮಾತಾಡಬೇಕು, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ ಅನ್ನಿಸುತ್ತಿದೆ.

ಮರಳು ಮೂಸೆಯವರೇ, ಎಂಟು ಮಕ್ಕಳನ್ನು ಕರೆದುಕೊಂಡು ಶನಿವಾರ ಬರಲಾ?


ಮರಳು ಮೂಸೆ:

ಶನಿವಾರ ಬೇಡ ಸರ್, ಅವತ್ತು ಫರ್ನೇಸ್ ರಿಪೇರಿ. ಮಂಗಳವಾರ ಬನ್ನಿ, ಹನ್ನೊಂದಕ್ಕೆ ಹೊಯ್ಯುವುದಿರುತ್ತದೆ. ನಮ್ಮ ಸಾಹೇಬರಿಗೆ ಹೇಳಿದ್ದೇನೆ, ಹೋದ ತಿಂಗಳ ರಿಜೆಕ್ಷನ್ ರಿಜಿಸ್ಟರ್ ಕೊಡಲು ಒಪ್ಪಿದ್ದಾರೆ, ಗ್ರಾಹಕರ ಹೆಸರು ಮಾತ್ರ ಮುಚ್ಚಿ ಕೊಡುತ್ತೇವೆ. ಎರಡು ಪುಟ ಚಹಾ ಬಿದ್ದು ಹಾಳಾಗಿವೆ. ಮಕ್ಕಳಿಗೆ ಹತ್ತಿ ಬಟ್ಟೆ ಹಾಕಿಕೊಂಡು ಬರಲು ಹೇಳಿ. ಪಾಲಿಸ್ಟರ್ ಬೇಡ, ಕಿಡಿ ಬಿದ್ದರೆ ಮೈಗೆ ಅಂಟುತ್ತದೆ. ಚಪ್ಪಲಿ ವಿಷಯ ನಿಮಗೆ ಗೊತ್ತೇ ಇದೆ.